ಅಪ್‌ಡೇಟ್ ತಲುಪದ ಕಂಪ್ಯೂಟರ್

"ಹದಿನಾಲ್ಕನೇ ಸಲ, ಮೇಡಂ," ಎಂದರು ಹೆಡ್ ಕಾನ್‌ಸ್ಟೆಬಲ್ ಕೃಷ್ಣಪ್ಪ. "ಅದು ಸುತ್ತೋದ ಬುಡಾಕಿಲ್ಲ, ನೀವು ನೋಡೋದ ಬುಡಾಕಿಲ್ಲ."

ಪರದೆಯ ನಡುವೆ ಬಿಳಿ ಚುಕ್ಕೆಗಳು ಒಂದರ ಹಿಂದೊಂದು ಗಿರಗಿರ ತಿರುಗುತ್ತಿದ್ದವು. ಕೆಳಗೆ ಅದೇ ಸಾಲು: ಅಪ್‌ಡೇಟ್ ನಡೆಯುತ್ತಿದೆ, ಕಂಪ್ಯೂಟರ್ ಆರಿಸಬೇಡಿ. ಶೇಕಡ ಮೂವತ್ತೈದರವರೆಗೆ ಏರುವುದು, ಅಲ್ಲೇ ನಿಂತುಬಿಡುವುದು, ಪರದೆ ಕಪ್ಪಾಗುವುದು, ಮತ್ತೆ ಸೊನ್ನೆಯಿಂದ ಶುರು.

ಸಬ್ ಇನ್‌ಸ್ಪೆಕ್ಟರ್ ಸಂಘಮಿತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಯಾದವಗಿರಿಯ ಈ ಬಂಗಲೆಗೆ ಬಂದವಳು. ಈಗ ಗಂಟೆ ಹನ್ನೆರಡೂವರೆ. ಕಾಫಿ ಎರಡು ಸಲ ಬಂದು ಎರಡು ಸಲವೂ ಆರಿಹೋಗಿತ್ತು.

ಗುರುವಾರ ಅವಳು 'ಧ್ವನಿಸೇತು' ಎಂಬ ಈ ಶ್ರವಣ ಚಿಕಿತ್ಸಾಲಯಕ್ಕೆ ನೋಟಿಸ್ ಕಳಿಸಿದ್ದಳು. ಕಿವಿ ಕೇಳದ ಮಕ್ಕಳಿಗೆ ಇಲ್ಲಿ ತೊಡಿಸಿದ ಯಂತ್ರಗಳ ದಾಖಲೆಯನ್ನೆಲ್ಲ ಒಪ್ಪಿಸಬೇಕು ಎಂದು. ಶುಕ್ರವಾರ ಇಲ್ಲಿನ ಎರಡೂ ಕಂಪ್ಯೂಟರು ಮಲಗಿಬಿಟ್ಟವು.

ಇದರಲ್ಲಿ ಏನೋ ಇದೆ ಎಂದರೆ ಯಾರೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಆ ಶುಕ್ರವಾರ ಊರಿನ ಅರ್ಧ ಕಂಪ್ಯೂಟರುಗಳೇ ಮಲಗಿದ್ದವು. ಹಿಂದಿನ ದಿನ ಇಂಟರ್ನೆಟ್ಟಿನಲ್ಲಿ ಬಂದ ಒಂದು ಅಪ್‌ಡೇಟ್, ಜೆರಾಕ್ಸ್ ಅಂಗಡಿಯಿಂದ ಹಿಡಿದು ವಕೀಲರ ಆಫೀಸಿನವರೆಗೆ ಸಿಕ್ಕಸಿಕ್ಕ ಕಡೆ ಯಂತ್ರಗಳು ಏಳದಂತೆ ಮಾಡಿತ್ತು. ಅವಳ ಠಾಣೆಯದೂ ಅದೇ ಪಾಡು. ಎರಡು ದಿನ ಕಾರ್ಬನ್ ಹಾಳೆ ಇಟ್ಟುಕೊಂಡು ಎಲ್ಲವನ್ನೂ ಕೈಯಲ್ಲೇ ಬರೆದಿದ್ದರು.

"ಅಪ್‌ಡೇಟ್ ಮೇಲೆ ಕೇಸ್ ಹಾಕ್ತೀಯೇನಮ್ಮ?" ಎಂದಿದ್ದರು ಇನ್‌ಸ್ಪೆಕ್ಟರು ಬೆಳಿಗ್ಗೆ. "ಸಂಜೆ ಒಳಗೆ ಏನಾದ್ರೂ ತಂದ್ರೆ ಸರಿ. ಇಲ್ಲ ಅಂದ್ರೆ ಫೈಲ್ ಮುಗಿಸು."

ಹೊರಗಿನ ಬೆಂಚಿನಿಂದ ದೇವಿರಮ್ಮನ ದನಿ ಬಂತು. ಇಲವಾಲದಿಂದ ಮೊದಲ ಬಸ್ಸು ಹಿಡಿದು ಮೊಮ್ಮಗಳೊಂದಿಗೆ ಬಂದು ಕೂತಿದ್ದಳು.

"ಆಯ್ತೇನವ್ವ? ಐದ್ ದಿನ ಆಯ್ತು ಕಣವ್ವ, ನಾನ್ ಕೂಗಿದ್ರೆ ಈ ಮಗ ತಿರುಗಾಕಿಲ್ಲ. ನೆನ್ನೆ ಹಿಂದಿಂದ ಬೈಕ್ ಬತ್ತಾ ಅದೆ, ಇವಳು ರೋಡ್ ಮಧ್ಯದಲ್ಲಿ ನಿಂತವ್ಳೆ. ನನ್ನ ಜೀವ ಬಾಯಿಗೆ ಬಂದಿತ್ತು."

ಕಾಣೆಯಾದದ್ದು ದಾಖಲೆ ಮಾತ್ರವಲ್ಲ, ಈ ಮಗುವಿಗೆ ಕೇಳುತ್ತಿದ್ದ ಸದ್ದೂ ಕೂಡ. ಆರು ವರ್ಷದ ಸಿಂಚನಳಿಗೆ ಎರಡು ವರ್ಷದ ಹಿಂದೆ ಆಪರೇಷನ್ ಮಾಡಿ, ಕಿವಿಯ ಹಿಂದೆ ಯಂತ್ರ ತೊಡಿಸಿದ್ದರು. ಸರ್ಕಾರದ ಯೋಜನೆ, ಹೊಚ್ಚ ಹೊಸ ಯಂತ್ರ ಎಂದು ಹೇಳಿ. ಹೋದ ತಿಂಗಳು ಅದು ಕೈಕೊಡತೊಡಗಿದಾಗ ದೇವಿರಮ್ಮ ಅದರ ಹಿಂಬದಿಯ ನಂಬರನ್ನು ಮಗನಿಂದ ಓದಿಸಿ, ತಯಾರು ಮಾಡಿದ ಕಂಪನಿಗೆ ಫೋನ್ ಮಾಡಿಸಿದ್ದಳು. ಆ ನಂಬರಿನ ಯಂತ್ರ ಐದು ವರ್ಷದ ಕೆಳಗೇ ಬೇರೊಂದು ಮಗುವಿಗೆ ಮಾರಾಟವಾಗಿದೆ ಎಂದು ಉತ್ತರ ಬಂದಿತ್ತು. ಮುದುಕಿ ಸೀದಾ ಠಾಣೆಗೆ ಬಂದಳು. ಕೇಸು ಶುರುವಾದದ್ದು ಹಾಗೆ.

ಕಳೆದ ಬುಧವಾರ ಆ ಹಳೆಯ ಯಂತ್ರ ಪೂರ್ತಿ ನಿಂತಿತು. ಚಿಕಿತ್ಸಾಲಯದವರು ಶುಕ್ರವಾರ ಸಂಜೆ ಬದಲಿ ಯಂತ್ರವನ್ನೇನೋ ಕೊಟ್ಟರು. ಆದರೆ ಒಂದೊಂದು ಮಗುವಿಗೂ ಎಷ್ಟು ಸದ್ದು, ಯಾವ ಸದ್ದು ಎಂದು ವಾರಗಟ್ಟಲೆ ಕೂತು ಅಳೆದ ಅಳತೆಯನ್ನು ಯಂತ್ರಕ್ಕೆ ತುಂಬದಿದ್ದರೆ ಅದು ಬರೀ ಪ್ಲಾಸ್ಟಿಕ್ಕು. ಆ ಅಳತೆಗಳಿದ್ದದ್ದು ಈ ಕೋಣೆಯ ಈ ಕಂಪ್ಯೂಟರಿನಲ್ಲಿ.

"ಹೊಸದಾಗಿ ಅಳೆಯೋಕೆ ಆಗಲ್ವಾ?" ಸಂಘಮಿತ್ರ ಕೇಳಿದಳು.

"ಆಗುತ್ತೆ ಮೇಡಂ. ಮೂರ್ನಾಲ್ಕು ತಿಂಗಳು ಬೇಕು," ಎಂದಳು ಗೋಡೆಗೊರಗಿ ನಿಂತಿದ್ದ ನಯನಾ. ಮಕ್ಕಳ ಯಂತ್ರಗಳಿಗೆ ಅಳತೆ ಹೊಂದಿಸುವವಳು ಅವಳೇ. ಇಪ್ಪತ್ತಾರರ ಹುಡುಗಿ, ಬಿಳಿ ಕೋಟಿನ ಜೇಬಿನ ತುಂಬ ಬಣ್ಣದ ಪೆನ್ನುಗಳು. ಬೆಳಿಗ್ಗೆಯಿಂದ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಿದ್ದಳು. ಆದರೆ ಪ್ರತಿ ಉತ್ತರದ ಕೊನೆಗೆ ಸಂಘಮಿತ್ರಳ ಮುಖವನ್ನು, ಏನನ್ನೋ ನಿರೀಕ್ಷಿಸುವವಳಂತೆ ನೋಡುತ್ತಿದ್ದಳು. ಅದು ಸಂಘಮಿತ್ರಳಿಗೆ ಕಿರಿಕಿರಿಯಾಗಿತ್ತು.

ಹದಿನೈದನೇ ಸಲ ಪರದೆ ಕಪ್ಪಾಯಿತು.

"ಮುಂದಿನ ಕೌಂಟರ್‌ನಲ್ಲಿರೋದು ಹೇಗಿದೆ, ಕೃಷ್ಣಪ್ಪ?"

"ಅದು ಇನ್ನೂ ಚೆಂದ, ಮೇಡಂ. ಸುತ್ತನೂ ಇಲ್ಲ. ಬರೀ ಕಪ್ಪು."

ಸಂಘಮಿತ್ರಳ ಸಹನೆ ಅಲ್ಲಿಗೆ ಮುಗಿಯಿತು. ಮೇಜನ್ನು ಒಂದು ಮೊಳ ಮುಂದೆ ಎಳೆದು ಕಂಪ್ಯೂಟರಿನ ಹಿಂದೆ ಮಂಡಿಯೂರಿದಳು. ಒಂದೊಂದೇ ವೈರನ್ನು ಬೆರಳಲ್ಲಿ ಹಿಡಿದು ಅದರ ಇನ್ನೊಂದು ತುದಿಯವರೆಗೂ ಹೋದಳು. ಇದು ಕರೆಂಟಿನದು. ಇದು ಪರದೆಯದು. ಇದು ಮಕ್ಕಳ ಯಂತ್ರವನ್ನು ಕೂರಿಸುವ ಪೆಟ್ಟಿಗೆಯದು. ಇನ್ನು ಕೀಲಿಮಣೆ, ಮೌಸು. ಅಷ್ಟೇ.

"ಇದಕ್ಕೆ ಇಂಟರ್ನೆಟ್ ವೈರ್ ಎಲ್ಲಿ?"

ನಯನಾ ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಡಾಕ್ಟರ್ ಚಂದ್ರಮೌಳಿ ಕಾಣಿಸಿಕೊಂಡರು. ಚಿಕಿತ್ಸಾಲಯದ ಮಾಲೀಕರು. ಇಸ್ತ್ರಿ ಮುರಿಯದ ಅಂಗಿ, ಮುಖದ ಮೇಲೆ ಬೆಳಿಗ್ಗೆಯಿಂದ ಕದಲದ ನಗು.

"ವೈಫೈ ಇರುತ್ತಲ್ಲ ಮೇಡಂ, ಈಗಿನ ಕಾಲದಲ್ಲಿ ವೈರ್ ಯಾಕೆ?"

"ಇದ್ರಲ್ಲಿ ವೈಫೈ ಇಲ್ಲ, ಸರ್," ನಯನಾ ಮೆಲ್ಲಗೆ ಅಂದಳು. "ಅಳತೆ ಸಾಫ್ಟ್‌ವೇರ್ ಹಳೇದು. ಇದನ್ನ ಯಾವತ್ತೂ ನೆಟ್‌ಗೆ ಹಾಕಬೇಡಿ, ಅಪ್‌ಡೇಟ್ ಮಾಡಬೇಡಿ ಅಂತ ಕಂಪನಿಯೋರು ಬರೆದು ಅಂಟಿಸಿದ್ದಾರೆ."

ನಿಜ. ಕಂಪ್ಯೂಟರಿನ ಪಕ್ಕದಲ್ಲಿ ಹಳದಿ ಚೀಟಿಯೊಂದು ಅಂಟಿಕೊಂಡಿತ್ತು.

"ಹಾಗಾದ್ರೆ ಅಪ್‌ಡೇಟ್ ಯಾವ ದಾರೀಲಿ ಬಂತು, ಡಾಕ್ಟ್ರೇ?"

"ಅದನ್ನ ನೀವೇ ಹೇಳಬೇಕು. ನೀವಲ್ವಾ ಎಕ್ಸ್‌ಪರ್ಟು?" ಚಂದ್ರಮೌಳಿ ಕೈ ಚೆಲ್ಲಿದರು. "ಶುಕ್ರವಾರ ಬೆಳಿಗ್ಗೆ ಹತ್ತೂಮುಕ್ಕಾಲು. ಪೇಷೆಂಟ್‌ಗಳ ಕಣ್ಣೆದುರೇ ಹೋಯ್ತು. ಇಪ್ಪತ್ತು ಜನ ಸಾಕ್ಷಿ ಕೊಡ್ತೀನಿ."

"ಅದು ಕೌಂಟರ್‌ನದು. ಇದು?"

"ಇದೂ ಅದೇ ಹೊತ್ತಿಗೆ ಹೋಗಿರಬೇಕು."

ಹೋಗಿರಬೇಕು. ಆ ಮಾತನ್ನು ಸಂಘಮಿತ್ರ ಮನಸ್ಸಿನಲ್ಲೇ ಮಡಿಸಿಟ್ಟುಕೊಂಡಳು. ನಂತರ ಬ್ಯಾಗಿನಿಂದ ಸ್ಕ್ರೂಡ್ರೈವರ್ ತೆಗೆದಳು.

ಅವಳ ಅಪ್ಪ ಸಣ್ಣಯ್ಯ ಅಶೋಕಪುರಂನಿಂದ ಸೈಕಲ್ಲಿನಲ್ಲಿ ಹೋಗಿ ಮೂವತ್ತು ವರ್ಷ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಕೆಲಸ ಮಾಡಿದವನು. ಕೆಟ್ಟ ಯಂತ್ರ ಕಂಡರೆ ಮೊದಲು ಬಿಚ್ಚು, ಆಮೇಲೆ ಯೋಚನೆ ಮಾಡು ಎನ್ನುವವನು. ಎರಡೂವರೆ ತಾಸು ಪರದೆ ನೋಡುತ್ತ ಕೂತದ್ದಕ್ಕೆ ತನ್ನನ್ನೇ ಬೈದುಕೊಳ್ಳುತ್ತ ಅವಳು ಪಕ್ಕದ ತಗಡನ್ನು ಎಳೆದಳು.

ಒಳಗೆ ಏಳು ವರ್ಷದ ಧೂಳು. ಫ್ಯಾನಿನ ಮೇಲೆ, ವೈರುಗಳ ಮೇಲೆ, ಎಲ್ಲ ಕಡೆ ಬೂದಿಯಂತೆ ಕೂತಿತ್ತು. ಒಂದು ಕಡೆ ಮಾತ್ರ ಇರಲಿಲ್ಲ. ಎಲ್ಲವನ್ನೂ ನೆನಪಿಟ್ಟುಕೊಳ್ಳುವ ಹಾರ್ಡ್ ಡಿಸ್ಕ್, ಅಂಗೈಯಗಲದ ಡಬ್ಬಿ, ನಿನ್ನೆ ಮೊನ್ನೆ ಕೂರಿಸಿದಂತೆ ಫಳಫಳ ಹೊಳೆಯುತ್ತಿತ್ತು. ನಾಲ್ಕು ಸ್ಕ್ರೂ ಇರಬೇಕಾದ ಕಡೆ ಎರಡೇ ಇದ್ದವು. ಆ ಎರಡೂ ಓರೆ.

ಟಾರ್ಚ್ ಬಿಟ್ಟು ಡಿಸ್ಕಿನ ಮೇಲಿನ ಚೀಟಿ ಓದಿದಳು. ತಯಾರಾದದ್ದು ಈ ವರ್ಷದ ಜನವರಿ.

"ಈ ಡಿಸ್ಕ್ ಇದರದಲ್ಲ," ಎಂದಳು. "ಕೃಷ್ಣಪ್ಪ, ಕೌಂಟರಿನದ್ದನ್ನ ಬಿಚ್ಚಿ ನೋಡಿ."

ಕೃಷ್ಣಪ್ಪ ಹೋದಷ್ಟೇ ಬೇಗ ಓಡಿಬಂದರು. "ಮೇಡಂ, ಅದರ ಒಟ್ಟೆ ಖಾಲಿ! ಡಿಸ್ಕೇ ಇಲ್ಲ."

ಅಲ್ಲಿಗೆ ಒಂದು ಗಂಟು ಬಿಚ್ಚಿಕೊಂಡಿತು. ಅಪ್‌ಡೇಟ್ ಕೆಡಿಸಿದ್ದು ಕೌಂಟರಿನ ಕಂಪ್ಯೂಟರನ್ನು ಮಾತ್ರ. ಯಾರೋ ಅದರ ಕೆಟ್ಟ ಡಿಸ್ಕನ್ನು ಕಿತ್ತು ತಂದು ಇಲ್ಲಿ ಕೂರಿಸಿದ್ದಾರೆ, ಇಲ್ಲಿಯೂ ಅದೇ ಚುಕ್ಕೆ ಸುತ್ತಲಿ ಎಂದು. ಇಲ್ಲಿದ್ದ ಡಿಸ್ಕು, ನಲವತ್ತೊಂದು ಮಕ್ಕಳ ಅಳತೆ, ಯಾವ ಮಗುವಿಗೆ ಯಾವ ನಂಬರಿನ ಯಂತ್ರ ಎಂಬ ಪಟ್ಟಿ, ಎಲ್ಲವನ್ನೂ ಹೊತ್ತುಕೊಂಡು ಹೋಗಿದೆ.

ಚಂದ್ರಮೌಳಿಯ ಮುಖದಿಂದ ನಗು ಇಳಿದಿತ್ತು. ಸಂಘಮಿತ್ರ ಅದನ್ನೇ ಕಾಯುತ್ತಿದ್ದಳು. ಆದರೆ ಅಲ್ಲಿ ಕಂಡದ್ದು ಸಿಕ್ಕಿಬಿದ್ದವನ ಹೆದರಿಕೆಯಲ್ಲ. ಜೇಬು ಮುಟ್ಟಿಕೊಂಡು ಪರ್ಸ್ ಇಲ್ಲವೆಂದು ಗೊತ್ತಾದವನ ಗಾಬರಿ.

"ಡಿಸ್ಕ್ ಇಲ್ಲ ಅಂದ್ರೆ? ಎಲ್ಲಿ ಹೋಯ್ತು? ಯಾರ ಹತ್ರ ಇದೆ?" ಎಂದರು. "ನಾನೊಂದು ಫೋನ್ ಮಾಡಬೇಕು."

"ಮಾಡಿ. ಬಂಗಲೆ ಬಿಟ್ಟು ಮಾತ್ರ ಹೋಗಬೇಡಿ."

ಅವರ ಹೆಜ್ಜೆ ಸದ್ದು ದೂರವಾಯಿತು. ಇವನು ಕಳ್ಳನೇ, ಆದರೆ ಈ ಕಳ್ಳತನ ಇವನದಲ್ಲ. ಹಾಗಾದರೆ ಯಾರದು?

ಸಂಘಮಿತ್ರ ಕೋಣೆಯನ್ನು ಹೊಸದಾಗಿ ನೋಡಿದಳು. ಗೋಡೆಯ ಮೇಲೆ ಮಕ್ಕಳ ಹೆಸರಿನ ದೊಡ್ಡ ಪಟ್ಟಿ. ಅಳತೆಗೆ ಬಂದ ಪ್ರತಿ ದಿನಕ್ಕೂ ಒಂದೊಂದು ನಕ್ಷತ್ರದ ಸ್ಟಿಕರು. ಅಮರ್ ಎಂಬ ಹೆಸರಿನ ಮುಂದೆ, ಶುಕ್ರವಾರದ ಮನೆಯಲ್ಲಿ, ಒಂದು ಚಿನ್ನದ ಬಣ್ಣದ ನಕ್ಷತ್ರ.

ಮೇಜಿನ ಖಾನೆಯಲ್ಲಿ ಹಾಜರಿ ಪುಸ್ತಕವಿತ್ತು. ಅಮರ್, ಶುಕ್ರವಾರ, ಹನ್ನೊಂದೂವರೆಯಿಂದ ಹನ್ನೆರಡೂಕಾಲು. ಪಕ್ಕದಲ್ಲಿ ತಾಯಿಯ ಸಹಿ.

"ಬಾಗಿಲು ಹಾಕ್ಕೊಳ್ಳಿ, ಕೃಷ್ಣಪ್ಪ."

ನಯನಾ ಗೋಡೆ ಬಿಟ್ಟು ನೆಟ್ಟಗೆ ನಿಂತಳು.

"ಕೌಂಟರಿನದು ಹತ್ತೂಮುಕ್ಕಾಲಿಗೆ ಹೋಯ್ತು. ಹನ್ನೆರಡೂಕಾಲಿನವರೆಗೂ ನೀವು ಇದೇ ಕಂಪ್ಯೂಟರ್‌ನಲ್ಲಿ ಅಮರ್‌ಗೆ ಅಳತೆ ಹೊಂದಿಸಿದೀರ. ಅಂದ್ರೆ ಇದು ಚೆನ್ನಾಗಿತ್ತು. ಬೆಳಿಗ್ಗೆಯಿಂದ ನನಗೆ ಒಂದು ಸಲನೂ ಹೇಳಲಿಲ್ಲ."

"ನೀವು ಕೇಳಲಿಲ್ಲ, ಮೇಡಂ."

"ಈಗ ಕೇಳ್ತಿದೀನಿ. ಡಿಸ್ಕ್ ಬಿಚ್ಚಿದ್ದು ಯಾರು?"

ನಯನಾ ಮುಚ್ಚಿದ ಬಾಗಿಲನ್ನು ನೋಡಿದಳು, ಕೃಷ್ಣಪ್ಪನವರನ್ನು ನೋಡಿದಳು, ಮತ್ತೆ ಸಂಘಮಿತ್ರಳ ಮುಖದಲ್ಲಿ ಅದೇನನ್ನೋ ಹುಡುಕಿದಳು. ಆಮೇಲೆ ಅವಳಿಗೆ ಇದ್ದಕ್ಕಿದ್ದಂತೆ ಸಿಟ್ಟು ಬಂತು.

"ಇನ್ನೂ ಎಷ್ಟು ಹೊತ್ತು ಹೀಗೆ ಆಡ್ತೀರ, ಮೇಡಂ? ಡಾಕ್ಟರು ಹೋದ್ರಲ್ಲ! ಬೆಳಿಗ್ಗೆಯಿಂದ ನೀವು ಅವರ ಮುಂದೆ ನಾಟಕ ಆಡ್ತಿದೀರ ಅಂತ ನಾನೂ ಸುಮ್ನಿದ್ದೆ. ಆ ಮಗು ಹೊರಗೆ ಕೂತಿದೆ. ಕಾಪಿ ತಂದಿದೀರಾ ಇಲ್ವಾ, ಅಷ್ಟು ಹೇಳಿ."

"ಯಾವುದರ ಕಾಪಿ?"

"ಡಿಸ್ಕಿಂದು! ಶನಿವಾರ ನಿಮ್ಮ ಠಾಣೆಗೇ ತಂದುಕೊಟ್ಟೆನಲ್ಲ!"

ಸಂಘಮಿತ್ರ ಕುರ್ಚಿಯನ್ನು ನಯನಾಳ ಕಡೆ ತಳ್ಳಿದಳು.

"ಕೂತ್ಕೊಳ್ಳಿ," ಎಂದಳು ಸಂಘಮಿತ್ರ. "ಮೊದಲಿಂದ ಹೇಳಿ."

ನಯನಾ ಕೂರಲಿಲ್ಲ. ನಿಂತೇ ಹೇಳಿದಳು. ಶುಕ್ರವಾರ ಮಧ್ಯಾಹ್ನ ಊಟಕ್ಕೆ ಹೋಗುವಾಗ ಡಾಕ್ಟರ ಕೋಣೆಯಿಂದ ಫೋನಿನ ಮಾತು ಕೇಳಿಸಿತ್ತು. ಸಂಜೆ ಆ ಇನ್ನೊಂದು ಕಂಪ್ಯೂಟರನ್ನೂ ಅಳಿಸಿಬಿಡೋಣ, ಅಪ್‌ಡೇಟ್ ಲೆಕ್ಕದಲ್ಲಿ ಹೋಗುತ್ತೆ, ಯಾರೂ ಕೇಳಲ್ಲ ಎಂದು. ಹಳೆಯ ಯಂತ್ರಗಳನ್ನು ಹೊಸದೆಂದು ತೊಡಿಸುತ್ತಿರುವ ಅನುಮಾನ ಅವಳಿಗೆ ವರ್ಷದಿಂದ ಇತ್ತು. ಹನ್ನೊಂದು ಮಕ್ಕಳ ಯಂತ್ರದ ನಂಬರುಗಳು ಕಾಗದದಲ್ಲಿದ್ದ ನಂಬರಿಗೆ ಹೊಂದುತ್ತಿರಲಿಲ್ಲ. ಬಾಯಿ ಬಿಡುವ ಧೈರ್ಯವಿರಲಿಲ್ಲ. ಆದರೆ ಅಳತೆಗಳೇ ಹೋದರೆ ಮಕ್ಕಳ ಗತಿ?

"ಎಲ್ಲರೂ ಊಟಕ್ಕೆ ಹೋದಾಗ ಬಿಚ್ಚಿದೆ. ಫೋನ್‌ನಲ್ಲಿ ವಿಡಿಯೊ ಹಾಕ್ಕೊಂಡು. ಅವಸರದಲ್ಲಿ ಎರಡು ಸ್ಕ್ರೂ ಬಿದ್ದು ಎಲ್ಲಿಗೆ ಉರುಳಿದವೋ ಸಿಗಲೇ ಇಲ್ಲ. ಕೌಂಟರಿನ ಕೆಟ್ಟ ಡಿಸ್ಕ್ ಇಲ್ಲಿಗೆ ಹಾಕಿದೆ. ಸಂಜೆ ಡಾಕ್ಟರು ಬಂದು ನೋಡಿದ್ರು, ಇದೂ ಸುತ್ತುತಾ ಇತ್ತು. 'ಒಳ್ಳೇದೇ ಆಯ್ತು' ಅಂದ್ರು, ಹೋದ್ರು. ಅವರು ಇವತ್ತಿನವರೆಗೂ ಅದು ಅಪ್‌ಡೇಟೇ ಅಂದ್ಕೊಂಡಿದ್ರು."

"ಸಿಂಚನಳ ವಿಷಯ ಯೋಚನೆ ಮಾಡಲಿಲ್ವಾ?"

"ಅದೇ ಯೋಚನೆ ಮಾಡಿದ್ದು, ಮೇಡಂ. ಪೊಲೀಸ್ರ ಹತ್ರ ಇದ್ರೆ ಒಂದೆರಡು ದಿನದಲ್ಲಿ ಕಾಪಿ ಸಿಗುತ್ತೆ, ಬೇರೆ ಕಂಪ್ಯೂಟರಿಂದಾದ್ರೂ ತುಂಬಿಸಬಹುದು ಅಂತ."

ಬಾಗಿಲು ಕಿರುಗುಟ್ಟಿತು. ದೇವಿರಮ್ಮ ತಡೆಯುವಷ್ಟರಲ್ಲಿ ಸಿಂಚನ ಒಳಗೆ ನುಗ್ಗಿದ್ದಳು. ಸೀದಾ ನಯನಾಳ ಬಳಿ ಹೋಗಿ, ಕಿವಿಯ ಹಿಂದಿನ ಯಂತ್ರ ಕಿತ್ತು ಅವಳ ಅಂಗೈಯಲ್ಲಿಟ್ಟು, ತನ್ನ ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು ನಿಂತಳು. ಸರಿ ಮಾಡಿಕೊಡು ಎಂಬಂತೆ. ನಯನಾ ಆ ಯಂತ್ರವನ್ನು ಹಿಡಿದುಕೊಂಡೇ ಮುಖ ತಿರುಗಿಸಿದಳು. ದೇವಿರಮ್ಮ ಏನನ್ನೂ ಕೇಳದೆ ಮೊಮ್ಮಗಳ ರಟ್ಟೆ ಹಿಡಿದು ಹೊರಗೆ ಕರೆದೊಯ್ದಳು.

"ಶನಿವಾರ ಎಷ್ಟು ಗಂಟೆಗೆ ಬಂದ್ರಿ? ಯಾರ ಕೈಗೆ ಕೊಟ್ರಿ?" ಸಂಘಮಿತ್ರಳ ದನಿ ಈಗ ತಗ್ಗಿತ್ತು.

"ಮೂರು ಗಂಟೆಗೆ. ನಿಮ್ಮ ಹೆಸರಿನ ಬೋರ್ಡ್ ಇರೋ ಟೇಬಲ್‌ಗೇ ಹೋದೆ. ನೀವಿರಲಿಲ್ಲ. ಅಲ್ಲಿ ಒಬ್ಬರು ಕೂತಿದ್ರು. ಕನ್ನಡಕ, ಗೆರೆಗೆರೆ ಅಂಗಿ. ಮುಂದೆ ಕಂಪ್ಯೂಟರ್ ಬಿಚ್ಚಿಟ್ಕೊಂಡಿದ್ರು. 'ಮೇಡಂ ಹೇಳಿದಾರೆ, ಕೊಡಿ' ಅಂದ್ರು. ರಸೀದಿ ಕೊಟ್ರು."

ಅವಳು ಕೈಚೀಲದಿಂದ ನಾಲ್ಕಾಗಿ ಮಡಿಸಿದ ಹಾಳೆ ತೆಗೆದು ಕೊಟ್ಟಳು. ಹಾರ್ಡ್ ಡಿಸ್ಕ್ ಒಂದು, ಸ್ವೀಕರಿಸಲಾಗಿದೆ. ಠಾಣೆಯ ಮೊಹರು. ಕೆಳಗೆ ಸಹಿ.

ಸಂಘಮಿತ್ರ ಆ ಸಹಿಯನ್ನು ಬೆಳಕಿಗೆ ಹಿಡಿದು ನೋಡಿದಳು. ನಕಲಿ ಸಹಿಯಾಗಿದ್ದರೆ ಅವಳಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಅದು ಅವಳದೇ. ಶುಕ್ರವಾರ ಸಂಜೆ, ಪ್ರಿಂಟರೂ ಇಲ್ಲದೆ ಜನ ಸಾಲುಗಟ್ಟಿ ನಿಂತು ರೇಗಾಡುತ್ತಿದ್ದಾಗ, ನಾಳೆ ನಾನಿಲ್ಲದಿದ್ದರೂ ಕೆಲಸ ನಿಲ್ಲದಿರಲಿ ಎಂದು ಆರು ಖಾಲಿ ಹಾಳೆಗೆ ಸಹಿ ಹಾಕಿ, ಮೊಹರು ಒತ್ತಿ ತನ್ನ ಖಾನೆಯಲ್ಲಿಟ್ಟಿದ್ದಳು. ಹದಿಮೂರು ವರ್ಷದ ನೌಕರಿಯಲ್ಲಿ ಒಮ್ಮೆಯೂ ಮಾಡದ ತಪ್ಪು.

ಶನಿವಾರ ಮೂರು ಗಂಟೆಗೆ ಅವಳೂ ಕೃಷ್ಣಪ್ಪನವರೂ ಇಲವಾಲದಲ್ಲಿದ್ದರು, ದೇವಿರಮ್ಮನ ಹೇಳಿಕೆ ಬರೆದುಕೊಳ್ಳುತ್ತ.

"ಕೃಷ್ಣಪ್ಪ, ಶನಿವಾರ ಡ್ಯೂಟೀಲಿದ್ದದ್ದು ಯಾರು?"

"ಬೋರಮ್ಮ." ಅವರು ಆಗಲೇ ಫೋನ್ ಕಿವಿಗಿಟ್ಟಿದ್ದರು. ಮಹಿಳಾ ಕಾನ್‌ಸ್ಟೆಬಲ್ ಬೋರಮ್ಮನ ಹುರುಪಿನ ದನಿ ಹೊರಗೂ ಕೇಳುತ್ತಿತ್ತು.

"ಅಣ್ಣ, ಆ ಅಪ್‌ಡೇಟ್ ಸರಿ ಮಾಡೋನಾ? ಹ್ಞೂಂ ಬಂದಿದ್ದ, ಮೂರ್ ಗಂಟೆ ಕೂತಿದ್ದ ಪಾಪ. ಮೇಡಂ ಕಳ್ಸವ್ರೆ ಅಂದ. ಒಳ್ಳೆ ಕೈಗುಣ ಕಣಣ್ಣ, ಇವತ್ತು ಎಲ್ಲಾ ಕಂಪ್ಯೂಟರ್ರೂ ಓಡ್ತಾ ಅವೆ!"

"ನಾನು ಯಾರನ್ನೂ ಕಳಿಸಿಲ್ಲ," ಎಂದಳು ಸಂಘಮಿತ್ರ, ಯಾರಿಗೆ ಎಂದಿಲ್ಲದೆ.

ಊರಿಗೆ ಊರೇ ಕಂಪ್ಯೂಟರ್ ರಿಪೇರಿಯವನಿಗಾಗಿ ಬಾಗಿಲು ತೆರೆದಿಟ್ಟು ಕಾಯುತ್ತಿತ್ತು. ಒಬ್ಬ ಬ್ಯಾಗು ಹಿಡಿದು ಪೊಲೀಸ್ ಠಾಣೆಗೇ ನಡೆದುಬಂದ. ಯಾರೂ ಹೆಸರು ಕೇಳಲಿಲ್ಲ. ಅವಳ ಕುರ್ಚಿಯಲ್ಲೇ ಕೂತು, ಅವಳ ಸಹಿಯಲ್ಲೇ ರಸೀದಿ ಕೊಟ್ಟು, ಕೇಸಿನ ಇಡೀ ಸಾಕ್ಷಿಯನ್ನು ಎತ್ತಿಕೊಂಡು ಹೋದ. ಅವಳಿಗೆ ಸ್ಕ್ರೂಡ್ರೈವರನ್ನು ಗೋಡೆಗೆ ಎಸೆಯಬೇಕೆನಿಸಿತು. ಎಸೆಯಲಿಲ್ಲ.

"ಶನಿವಾರ ಮೂರು ಗಂಟೆಗೆ ಬನ್ನಿ ಅಂತ ನಿಮಗೆ ಹೇಳಿದ್ದು ಯಾರು, ನಯನಾ?"

"ನೀವೇ! ಶುಕ್ರವಾರ ಸಂಜೆ ಫೋನ್ ಮಾಡಿದೆನಲ್ಲ."

"ಯಾವ ನಂಬರಿಗೆ?"

ನಯನಾ ಗೋಡೆಯ ಕಡೆ ಕೈ ತೋರಿಸಿದಳು. ನೌಕರರ ಸೂಚನಾ ಫಲಕದಲ್ಲಿ ಗುರುವಾರದ ನೋಟಿಸಿನ ಜೆರಾಕ್ಸ್ ಪ್ರತಿ ಅಂಟಿಸಿದ್ದರು. ಸಂಘಮಿತ್ರ ಹತ್ತಿರ ಹೋದಳು. ಕೇಸಿನ ಸಂಖ್ಯೆ ಸರಿ. ಅವಳ ಹೆಸರು ಸರಿ, ಹುದ್ದೆ ಸರಿ. ಮೊಬೈಲ್ ನಂಬರಿನ ಮೊದಲ ಎಂಟು ಅಂಕಿ ಸರಿ.

ಕೊನೆಯ ಎರಡು ಅವಳದಲ್ಲ. ಅವಳು ಕಳಿಸಿದ ನೋಟಿಸಿನಲ್ಲಿ ಇದ್ದವೂ ಅಲ್ಲ.

"ನಿಮ್ಮ ಫೋನ್ ಕೊಡಿ, ಕೃಷ್ಣಪ್ಪ. ನನ್ನ ನಂಬರ್ ಬೇಡ."

ಅಂಕಿಗಳನ್ನು ಒಂದೊಂದಾಗಿ ಒತ್ತಿ ಸ್ಪೀಕರ್ ಹಾಕಿದಳು. ಒಂದು ರಿಂಗು. ಎರಡು. ಮೂರನೆಯದು ಮುಗಿಯುವ ಮೊದಲೇ ಯಾರೋ ಎತ್ತಿಕೊಂಡರು. ಹೆಂಗಸಿನ ದನಿ, ಅವಸರವಿಲ್ಲದ್ದು, ಬಹಳ ದಿನದ ಪರಿಚಯದ್ದೆಂಬಂತೆ.

"ಸಬ್ ಇನ್‌ಸ್ಪೆಕ್ಟರ್ ಸಂಘಮಿತ್ರ ಮಾತಾಡ್ತಿರೋದು. ಹೇಳಿ, ಕೃಷ್ಣಪ್ಪನೋರೇ."